ಅರೆಪಾರಕ ಪೊರೆ: ಈ ‘ಅರೆ’ ಸರಿಯಾ?

ಎಲ್ಲರಿಗೂ ನಮಸ್ಕಾರ. ‘ಅರೆಪಾರಕ ಪೊರೆ’ (semipermeable membrane), ಅಂದರೆ ಕೆಲವನ್ನು ದಾಟಲು ಬಿಟ್ಟು ಕೆಲವನ್ನು ತಡೆಯುವ ತೆಳು ಪದರ, ಈ ಪದ ವಾರದಿಂದ ತಲೆ ತಿನ್ನುತ್ತಿದೆ.

ಬಸವನಗುಡಿಯ ನಮ್ಮ ಮನೆಯಲ್ಲಿ ಹೋದ ಭಾನುವಾರ ಕೋಸಂಬರಿಗೆ ಸೌತೆಕಾಯಿ ಹೆಚ್ಚಿ, ಊಟಕ್ಕೆ ಇನ್ನೂ ಹೊತ್ತಿದ್ದರೂ ಆಗಲೇ ಉಪ್ಪು ಬೆರೆಸಿಬಿಟ್ಟಿದ್ದೆ. ಕಾಲು ಗಂಟೆಗೆಲ್ಲ ಪಾತ್ರೆಯ ತಳದಲ್ಲಿ ನೀರು ನಿಂತಿತ್ತು, ಹೋಳೆಲ್ಲ ಮೆತ್ತಗಾಗಿತ್ತು. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಬಗ್ಗಿ ನೋಡಿ, "ಚಿಕ್ಕಮ್ಮ, ಇದೇ ಅಭಿಸರಣೆ ಅಲ್ವಾ? ಅರೆಪಾರಕ ಪೊರೆ ದಾಟಿ ನೀರು ಆಚೆ ಬಂದಿದೆ" ಅಂದಳು. ಸರಿಯಾಗೇ ಹೇಳಿದಳು: ಹೀಗೆ ಜೀವಕೋಶಗಳ ಪೊರೆ ದಾಟಿ ನೀರು ಉಪ್ಪು ಹೆಚ್ಚಿರುವ ಕಡೆಗೆ ಹೋಗುವುದೇ ಅಭಿಸರಣೆ (osmosis). ಹಿಂದೆಯೇ ಇನ್ನೊಂದು ಕೇಳಿದಳು: "ಅರೆ ಅಂದ್ರೆ ಅರ್ಧ ತಾನೇ? ಅರ್ಧ ನೀರನ್ನ ಮಾತ್ರ ಬಿಡುತ್ತಾ?"

ಅರೆಬೆಂದ ಅನ್ನ, ಅರೆಮನಸ್ಸು, ಅರೆಗಣ್ಣು. ನಮ್ಮ ಕಿವಿಗೆ ‘ಅರೆ’ ಅಂದರೆ ಪೂರ್ತಿಯಾಗದ್ದು. ಜೀವಕೋಶದ ಪೊರೆ ಹಾಗಿಲ್ಲ. ಅದು ಎರಡು ಪದರದ ಕೊಬ್ಬಿನ ಹಾಳೆ, ದಪ್ಪ ಸುಮಾರು 7–8 ನ್ಯಾನೋಮೀಟರ್, ನಡುನಡುವೆ ಪ್ರೋಟೀನುಗಳು. ಆಮ್ಲಜನಕ ಅದರಲ್ಲಿ ಸಲೀಸಾಗಿ ನುಸುಳುತ್ತದೆ. ಸೋಡಿಯಂ ಅಯಾನು ತೀರಾ ಚಿಕ್ಕದು, ಆದರೂ ಅದಕ್ಕೆ ವಿದ್ಯುದಂಶ ಇರುವುದರಿಂದ ಕೊಬ್ಬು ದಾಟಲಾಗದು, ಪ್ರೋಟೀನಿನ ಬಾಗಿಲೇ ಬೇಕು. ಹಾಗಾಗಿ ಗಾತ್ರ ನೋಡುವ ‘ಜರಡಿ’ಯೂ ಹೊಂದುವುದಿಲ್ಲ. ನೀರಿಗಂತೂ ಬೇರೆಯೇ ಕಾಲುವೆಗಳಿವೆ, ಅದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇನ್ನು ಪೊರೆಯಲ್ಲೇ ಇರುವ ಸೋಡಿಯಂ ಪಂಪು ಅನ್ನುವ ಪ್ರೋಟೀನು ಪ್ರತಿ ಸಲ 3 ಸೋಡಿಯಂ ಅಯಾನು ಹೊರಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ, ಅದೂ ಶಕ್ತಿ ಖರ್ಚು ಮಾಡಿ. ಇಷ್ಟು ಕೆಲಸ ಮಾಡುವುದನ್ನು ‘ಅರೆ’ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ನೀರಿನ ಫಿಲ್ಟರಿನ ಪೊರೆಗೆ ‘ಅರೆಪಾರಕ’ ಇರಲಿ. (ಬೆಂಗಳೂರಿನ ಬೋರ್ ನೀರಿನ ಪುಣ್ಯ, ರಿಪೇರಿಯವನು ಬಂದು "ಮೆಂಬ್ರೇನ್ ಹೋಗಿದೆ ಮೇಡಂ" ಅಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.) ಅದಕ್ಕೆ ಜೀವ ಇಲ್ಲ, ಒತ್ತಡ ಕೊಟ್ಟು ನೂಕಿದರೆ ನೀರು ದಾಟುತ್ತದೆ, ಉಪ್ಪು ಬಹುಪಾಲು ಹಿಂದೆ ಉಳಿಯುತ್ತದೆ, ಅಷ್ಟೇ. ಜೀವಕೋಶದ ಪೊರೆಗೆ ಬೇರೆ ಮಾತು ಬೇಕು.

‘ಆಯ್ದು ಬಿಡುವ ಪೊರೆ’ ಅಂತ ಮೊದಲು ಬರೆದುಕೊಂಡೆ. ಜೋರಾಗಿ ಓದಿದಾಗ ತೊಡಕು ಕಾಣಿಸಿತು: ಅಕ್ಕಿಯಲ್ಲಿ ಕಲ್ಲು ಆಯ್ದುಬಿಡು ಅಂದ ಹಾಗೇ ಕೇಳುತ್ತದೆ. ‘ಒಳಬಿಡುವ’ ಅಂದರೆ ಹೊರಗೆ ಹೋಗುವುದು ತಪ್ಪಿಹೋಗುತ್ತದೆ. ಈಗ ‘ಆಯ್ದು ದಾಟಿಸುವ ಪೊರೆ’ಗೆ ಬಂದಿದ್ದೇನೆ. ಪಂಪಿಗೆ ಇದು ಚೆನ್ನಾಗಿ ಒಪ್ಪುತ್ತದೆ, ಆದರೆ ತಾನಾಗೇ ನುಸುಳುವ ಆಮ್ಲಜನಕವನ್ನು ಪೊರೆ ‘ದಾಟಿಸುತ್ತದೆ’ ಅನ್ನಬಹುದಾ? ‘ಆಯ್ಕೆಪೊರೆ’ ಚಿಕ್ಕದು, ಮಕ್ಕಳ ಬಾಯಿಗೂ ಸುಲಭ, ಆದರೆ ಪೊರೆಯನ್ನೇ ಯಾರೋ ಆಯ್ಕೆ ಮಾಡಿದ ಹಾಗಿದೆ.

‘ಪೊರೆ’ ಮಾತ್ರ ನನಗೆ ತುಂಬಾ ಇಷ್ಟ. ಹಾವಿನ ಪೊರೆ, ಕಣ್ಣಿನ ಪೊರೆ ಇವೆ, ಜತೆಗೆ ಕಾಪಾಡು ಅನ್ನುವ ‘ಪೊರೆ’ಯೂ ಇದೆ. ಇವೆರಡಕ್ಕೂ ಬೇರು ಒಂದೇನಾ? ಬಲ್ಲವರು ಹೇಳಿ. ಕನ್ನಡ ಮೀಡಿಯಂನಲ್ಲಿ ವಿಜ್ಞಾನ ಪಾಠ ಮಾಡುವವರು ಯಾರಾದರೂ ಇದ್ದರೆ, ಕ್ಲಾಸಿನಲ್ಲಿ ನೀವು ಬಾಯಲ್ಲಿ ಏನಂತೀರಿ ಅನ್ನುವುದನ್ನೂ ಬರೆಯಿರಿ.