ಅರೀನಾದಲ್ಲಿ ನೀರು ನಿಲ್ಲುತ್ತಿದೆ, ಇನ್ನೂ ಮರಳು ಹಾಕಿಸಲಾ?

ಪ್ರಶ್ನೆ: ಸರ್ ನಮಸ್ಕಾರ. ದೊಡ್ಡಬಳ್ಳಾಪುರದ ಕಡೆ ನಮ್ಮದೊಂದು ಚಿಕ್ಕ ರೈಡಿಂಗ್ ಶಾಲೆ, ಆರು ಕುದುರೆ. ಸವಾರಿ ಕಲಿಸುವ ಅಂಗಳ, ಅಂದರೆ ಅರೀನಾ, 20 ಮೀಟರ್‌ಗೆ 40 ಮೀಟರ್, ಮೇಲೆ ಸೂರಿಲ್ಲ. ಮೂರು ವರ್ಷದ ಹಿಂದೆ ಕೆಮ್ಮಣ್ಣಿನ ಮೇಲೆ ಜಲ್ಲಿ ಹಾಸಿ ಎಂ-ಸ್ಯಾಂಡ್ ಹರಡಿಸಿದ್ದೆವು. ಈಗ ಮಳೆ ಬಂದರೆ ಗೇಟಿನ ಹತ್ತಿರ ಎರಡು ದಿನ ನೀರು ನಿಲ್ಲುತ್ತದೆ. ಆ ಗುಂಡಿಗೆ ಎರಡು ಸಲ ಮರಳು ಸುರಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಮೊನ್ನೆ ಒಂದು ಕುದುರೆ ಅಲ್ಲೇ ಮುಗ್ಗರಿಸಿತು. ಮೇಲಿದ್ದ ಹುಡುಗಿ ಹೇಗೋ ಬೀಳಲಿಲ್ಲ. ಒಬ್ಬ ಕಂಟ್ರಾಕ್ಟರ್ ಪೂರ್ತಿ ಒಂದಡಿ ಮರಳು ಹಾಕಿಬಿಡಿ ಅಂತಾರೆ. ಹಾಕಿಸಲಾ?

ಉತ್ತರ: ಬೇಡ ಮೇಡಂ! ಒಂದಡಿ ಮರಳಿನಲ್ಲಿ ಕುದುರೆ ಓಡುವುದು ಅಂದರೆ ನಾವು ಸಮುದ್ರದ ದಂಡೆಯಲ್ಲಿ ಓಡಿದ ಹಾಗೆ. ಪ್ರತಿ ಹೆಜ್ಜೆಗೂ ಗೊರಸು ಹೂತು, ಕಾಲಿನ ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಳೆಯುತ್ತದೆ. ಎರಡರಿಂದ ಮೂರು ಇಂಚು ಸಡಿಲ ಮರಳು ಸಾಕು. ಖರ್ಚನ್ನೂ ನೋಡಿ: ನಿಮ್ಮ ಅಳತೆಗೆ ಒಂದು ಸೆಂಟಿಮೀಟರ್ ಏರಿಸಬೇಕಾದರೇ 8 ಘನ ಮೀಟರ್ ಮರಳು ಬೇಕು. ಒಂದಡಿ ಅಂದರೆ ಅದರ ಮೂವತ್ತು ಪಟ್ಟು.

ಗುಂಡಿ ಇರುವುದು ಮರಳಲ್ಲಿ ಅಲ್ಲ, ಕೆಳಗಿನ ಜಲ್ಲಿ ಪದರದಲ್ಲಿ. ಅದರ ಮೇಲೆ ಮರಳು ಸುರಿದರೆ ಗುಂಡಿ ನಿಮ್ಮ ಕಣ್ಣಿಗೆ ಮಾತ್ರ ಮುಚ್ಚಿಹೋಗುತ್ತದೆ. ನೀರು ಅಲ್ಲೇ ಇಂಗಿ ಕೂತಿರುತ್ತದೆ. ಗಟ್ಟಿ ನೆಲದ ಮೇಲೆ ಬರುತ್ತಿದ್ದ ಕುದುರೆಯ ಕಾಲು ಅಲ್ಲಿ ದಿಢೀರ್ ಅಂತ ಇಳಿಯುತ್ತದೆ. ಮೊನ್ನೆ ಮುಗ್ಗರಿಸಿದ್ದು ಅದಕ್ಕೇ ಇರಬೇಕು.

ಎರಡು ಕೆಲಸ ಮಾಡಿ ಹೇಳಿ. ಒಂದು ಕಬ್ಬಿಣದ ಸರಳು ತಗೊಂಡು ಎರಡೆರಡು ಮೀಟರ್‌ಗೆ ಒಂದು ಸಲ ಚುಚ್ಚಿ ನೋಡಿ. ಎಷ್ಟು ಇಂಚಿಗೆ ಟಣ್ ಅನ್ನುತ್ತದೆ, ಎಲ್ಲಿ ಅನ್ನುವುದೇ ಇಲ್ಲ ಅಂತ ಬರೆದಿಡಿ. ಇನ್ನೊಂದು, ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕೂರುವ ಕೆಸರು ಎಷ್ಟು ದಪ್ಪ ಇದೆ? ಅಂದ ಹಾಗೆ, ಮಟ್ಟ ಮಾಡಲು ಏನು ಬಳಸ್ತೀರಿ?

ಕೇಳಿದವರು: ಸರ್, ಇವತ್ತು ನೋಡಿದೆ. ನಡುವೆ ಎಲ್ಲ ಕಡೆ ಎರಡೂವರೆ ಇಂಚಿಗೆ ತಾಗುತ್ತದೆ. ಗೇಟಿನ ಹತ್ತಿರ ಒಂಬತ್ತು ಇಂಚು ಇಳಿದರೂ ಮೆತ್ತಗೇ ಇದೆ. ಬಾಟಲಿಯಲ್ಲಿ ಮರಳಿನ ಮೇಲೆ ಕೆಂಪಗೆ ಒಂದು ಬೆರಳು ದಪ್ಪ ಕೆಸರು. ಮಟ್ಟ ಮಾಡಲು ವಾರಕ್ಕೊಮ್ಮೆ ಪಕ್ಕದ ತೋಟದವರ ಟ್ರಾಕ್ಟರ್ ಕರೆಸಿ ಕಲ್ಟಿವೇಟರ್ ಹೊಡೆಸ್ತೀವಿ.

ಉತ್ತರ: ಸಿಕ್ಕಿತು ನೋಡಿ ಕಳ್ಳ! ಕಲ್ಟಿವೇಟರ್ ಇರುವುದು ಹೊಲ ಉಳಲಿಕ್ಕೆ. ಅದರ ಹಲ್ಲು ಜಲ್ಲಿಗೆ ಇಳಿದು, ಕೆಳಗಿನ ಕೆಮ್ಮಣ್ಣನ್ನು ಮೇಲೆ ತಂದು ಮರಳಿಗೆ ಬೆರೆಸಿದೆ. ಟ್ರಾಕ್ಟರ್ ತಿರುಗುವುದು ಗೇಟಿನ ಹತ್ತಿರವೇ ಅಲ್ವಾ? ಅಲ್ಲಿ ಹಾಳಾಗಿರುವುದು ಆಶ್ಚರ್ಯ ಏನಲ್ಲ.

ರಿಪೇರಿ ಹೀಗೆ. ಗೇಟಿನ ಹತ್ತಿರದ ಮರಳನ್ನು ಸಲಿಕೆಯಲ್ಲಿ ಪಕ್ಕಕ್ಕೆ ಎಳೆದುಕೊಳ್ಳಿ. ಮೆತ್ತಗಿರುವ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವವರೆಗೂ ತೆಗೆಯಿರಿ, ಗುಂಡಿಯ ಅಂಚು ನೆಟ್ಟಗಿರಲಿ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಕೆಮ್ಮಣ್ಣು ಮತ್ತೆ ಮೇಲೆ ಬರುವುದಿಲ್ಲ. ಅದರ ಮೇಲೆ ರಸ್ತೆ ಕೆಲಸದವರು ಬಳಸುವ ವೆಟ್ ಮಿಕ್ಸ್ (ಜಲ್ಲಿ, ಕಲ್ಲುಪುಡಿ, ನೀರು ಕಲಸಿದ್ದು) ತುಂಬಿಸಿ. ಅದು ಸಿಗದಿದ್ದರೆ ಜಲ್ಲಿಗೆ ಕ್ರಷರ್ ಪುಡಿ ಬೆರೆಸಿದರೂ ಆಗುತ್ತದೆ. ಒಂದೇ ಸಲ ಸುರಿಯಬೇಡಿ. ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿ, ಆಮೇಲೆ ಮುಂದಿನ ಪದರ. ಹಿಮ್ಮಡಿ ಊರಿ ತಿರುವಿದರೆ ಗುರುತು ಬೀಳಬಾರದು, ಅಷ್ಟು ಗಟ್ಟಿ. ಅಕ್ಕಪಕ್ಕದ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ, ಆಮೇಲೆ ಮರಳು ಎಳೆಯಿರಿ.

ಬೇಲಿಯ ಪಕ್ಕವನ್ನೂ ನೋಡಿ. ಕುದುರೆ ಸುತ್ತು ಹೊಡೆದಂತೆ ಗೊರಸು ಮರಳನ್ನು ಹೊರಗೆ ಎಸೆಯುತ್ತದೆ. ಅದು ಗದ್ದೆಗೆ ಬದು ಕಟ್ಟಿದ ಹಾಗೆ ಬೇಲಿ ಉದ್ದಕ್ಕೂ ನಿಲ್ಲುತ್ತದೆ. ಇಳಿಜಾರು ಎಷ್ಟೇ ಚೆನ್ನಾಗಿದ್ದರೂ ನೀರು ಆಚೆ ಹೋಗಲಾರದು. ಆ ಮರಳನ್ನು ಒಳಗೆ ಎಳೆಸಿ. ಇಳಿಜಾರು 20 ಮೀಟರ್ ಅಗಲಕ್ಕೆ 20 ಸೆಂಟಿಮೀಟರ್ ಇದ್ದರೆ ಸಾಕು. ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಲ್ಲೇ ನೋಡಿಬಿಡಬಹುದು.

ಮತ್ತೊಬ್ಬರು: ನಡುವೆ ಒಂದು ಪ್ರಶ್ನೆ ಅಣ್ಣ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು ತಡೆಯಲಾಗಲ್ಲ. ಉಪ್ಪು ಹಾಕಿದರೆ ಧೂಳು ಏಳಲ್ವಂತೆ, ಹೌದಾ? ಹಳೇ ಟೈರ್ ಚೂರು ಕೂಡ ಹಾಕಬಹುದು ಅಂದರು.

ಉತ್ತರ: ಉಪ್ಪು ಗಾಳಿಯ ತೇವ ಹಿಡಿಯುತ್ತದೆ, ನಿಜ. ಆದರೆ ಬೇಲಿಯ ಕಬ್ಬಿಣ, ಟ್ರಾಕ್ಟರ್ ಎಲ್ಲ ತುಕ್ಕು ಹಿಡಿಯುತ್ತದೆ, ಗೊರಸು ಒಣಗುತ್ತದೆ. ಒಂದು ಜೋರು ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ. ನಾನು ಹಾಕಿಸುವುದಿಲ್ಲ. ಟೈರ್ ಚೂರಿನಲ್ಲಿ ಉಕ್ಕಿನ ತಂತಿ ಉಳಿದಿದ್ದರೆ ಗೊರಸಿಗೆ ಚುಚ್ಚುತ್ತದೆ, ಅದೂ ಬೇಡ. ನೀರೇ ಸರಿ. ಇವರ ಅರೀನಾದ 800 ಚದರ ಮೀಟರ್‌ಗೆ 5 ಮಿಲಿಮೀಟರ್ ನೀರು ಅಂದರೆ 4,000 ಲೀಟರ್, ಹೆಚ್ಚುಕಡಿಮೆ ಒಂದು ಟ್ರಾಕ್ಟರ್ ಟ್ಯಾಂಕರ್. ಸಂಜೆ ಬಿಟ್ಟರೆ ರಾತ್ರಿಯೆಲ್ಲ ಇಳಿಯುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಲದ್ದಿಯನ್ನು ಅವತ್ತವತ್ತೇ ತೆಗೆಸಿ. ತುಳಿದು ಪುಡಿಯಾದ ಲದ್ದಿಯೇ ಬೇಸಿಗೆಗೆ ಧೂಳು, ಮಳೆಗೆ ಕೆಸರು.

ಕೇಳಿದವರು: ಕಲ್ಟಿವೇಟರ್ ಬಿಟ್ಟರೆ ಮಟ್ಟ ಮಾಡೋದು ಹೇಗೆ ಸರ್? ಕೆಸರು ಬೆರೆತ ಮರಳನ್ನು ಪೂರ್ತಿ ಎಸೀಬೇಕಾ?

ಉತ್ತರ: ಪೂರ್ತಿ ಬೇಡ, ಬಾಟಲಿ ಪರೀಕ್ಷೆಯನ್ನು ನಡುವಿನ ಮರಳಿಗೂ ಮಾಡಿ. ಕಟ್ಟಡದವರೇ ಶೇಕಡಾ 8ಕ್ಕಿಂತ ಜಾಸ್ತಿ ಕೆಸರಿದ್ದರೆ ಮರಳು ವಾಪಸ್ ಕಳಿಸುತ್ತಾರೆ. ಅಷ್ಟು ದಾಟಿದ ಕಡೆಯದ್ದನ್ನು ಮಾತ್ರ ತೆಗೆಸಿ. ಹೊಸದು ತರಿಸುವಾಗ ಕಾಂಕ್ರೀಟಿಗೆ ಹಾಕುವ, ತೊಳೆದ ಎಂ-ಸ್ಯಾಂಡ್ ಕೇಳಿ. ಗೋಡೆ ಸಾರಣೆಯ ಪಿ-ಸ್ಯಾಂಡ್ ಬೇಡ, ತೀರಾ ನುಣುಪು.

ಮಟ್ಟಕ್ಕೆ ಹಲ್ಲು ಕುಂಟೆ ಥರದ್ದನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಹಲ್ಲು ಮರಳಿನೊಳಗೆ ಒಂದೂವರೆ ಇಂಚಿಗಿಂತ ಇಳಿಯದ ಹಾಗೆ ಇರಲಿ, ಹಿಂದೆ ಒಂದು ಕಬ್ಬಿಣದ ಪಟ್ಟಿ. ಯಾವಾಗಲೂ ಒಂದೇ ದಿಕ್ಕಿಗೆ ಎಳೆಯಬೇಡಿ, ಇವತ್ತು ಬಲಕ್ಕೆ ಸುತ್ತಿದರೆ ನಾಳೆ ಎಡಕ್ಕೆ. ಒದ್ದೆಯಾಗಿ ನೀರು ನಿಂತಿರುವಾಗಂತೂ ಇಳಿಯಲೇಬೇಡಿ.

ಕೇಳಿದವರು: ಸರಿ ಸರ್. ಗೇಟಿನ ಕೆಲಸ ಈ ಭಾನುವಾರವೇ ಶುರು ಮಾಡ್ತೀವಿ. ಮುಗಿಯುವವರೆಗೂ ಪಾಠ ನಿಲ್ಲಿಸಬೇಕಾ?

ಉತ್ತರ: ಆ ಕೊನೆಗೆ ಹಗ್ಗ ಕಟ್ಟಿ, ಉಳಿದ ಭಾಗದಲ್ಲಿ ವಾಕ್ (ನಡಿಗೆ), ಟ್ರೋಟ್ (ಕುಕ್ಕುಲೋಟ) ಮಾಡಿಸಿ. ಕ್ಯಾಂಟರ್ (ಅದಕ್ಕಿಂತ ವೇಗದ ನೆಗೆದೋಟ) ಬೇಡ, ಜಾಗ ಸಾಲುವುದಿಲ್ಲ. ಗುಂಡಿ ತೆಗೆದಾಗ ಒಂದು ಫೋಟೊ ಹಾಕಿ, ತಳ ನೋಡಿದ ಮೇಲೆ ವೆಟ್ ಮಿಕ್ಸ್ ಎಷ್ಟು ಬೇಕು ಅಂತ ಹೇಳ್ತೀನಿ.