ಸರ್ಟಿಫಿಕೇಟ್ ಇದೆ, ಕ್ಲೈಂಟ್ ನಿಲ್ಲುತ್ತಿಲ್ಲ: ವಿಜಯಪುರದಲ್ಲಿ ಪರ್ಸನಲ್ ಟ್ರೇನಿಂಗ್ ಕಟ್ಟುವುದು ಹೇಗೆ?

ಗುಮ್ಮಟನಗರಿ_ಫಿಟ್ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಜಿಮ್‌ನಲ್ಲಿ ಫ್ಲೋರ್ ಟ್ರೇನರ್ ಆಗಿದ್ದೇನೆ, ಸರ್ಟಿಫಿಕೇಟ್ ಕೋರ್ಸ್ ಮುಗಿದಿದೆ. ಪರ್ಸನಲ್ ಟ್ರೇನಿಂಗ್‌ಗೆ ಸೇರಿದವರು ಎರಡು-ಮೂರು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಹೆಚ್ಚಿನವರು 40 ದಾಟಿದವರು. ಶುಗರ್, ಬಿಪಿ, ಮೊಣಕಾಲು ನೋವು ಇರುವವರು. ಹುಡುಗರು ಬರುವುದು ಪೊಲೀಸ್, ಆರ್ಮಿ ಭರ್ತಿಗೆ.

ಮೊದಲ ಭೇಟಿಯಲ್ಲಿ ಏನೇನು ನೋಡಬೇಕು? ಶುಗರ್, ಬಿಪಿ ಇದ್ದವರಿಗೆ ಎಲ್ಲಿಯವರೆಗೆ ನಾವು ಮಾಡಿಸಬಹುದು? ಫೀ ಲೆಕ್ಕ ಹೇಗೆ? ರೊಟ್ಟಿ ಬಿಡಿಸದೆ ಊಟದ ಸಲಹೆ ಕೊಡಲು ಆಗುತ್ತದೆಯೇ? ಗೊತ್ತಿದ್ದವರು ಬಿಡಿಸಿ ಹೇಳಿ.

ನವನಗರ_ಕೋಚ್ (ಬಾಗಲಕೋಟೆ):

ಮೊದಲನೇ ಭೇಟಿ ವ್ಯಾಯಾಮದ ದಿನ ಅಲ್ರಿ, ಕೇಳೋ ದಿನ. ಒಂದು ತಾಸಿನಾಗ ಅರ್ಧ ತಾಸು ಕುರ್ಚಿ ಮ್ಯಾಲೇ ಹೋಗ್ಲಿ. ವ್ಯಾಯಾಮಕ್ಕ ಮುಂಚೆ ಆರೋಗ್ಯ ಕೇಳೋ ಪಾರ್-ಕ್ಯೂ ಪ್ಲಸ್ ಫಾರ್ಮಿನ ಮೊದಲ ಪುಟದಾಗ ಏಳು ಪ್ರಶ್ನೆ ಅದಾವ: ಹೃದಯದ ತೊಂದರೆ ಇಲ್ಲಾ ಬಿಪಿ, ಎದಿನೋವು, ತಲಿಸುತ್ತು, ಬ್ಯಾರೆ ದೀರ್ಘ ರೋಗ, ನುಂಗೋ ಔಷಧ, ಎಲುಬು-ಕೀಲಿನ ತ್ರಾಸು, ಡಾಕ್ಟರ್ ಉಸ್ತುವಾರಿ ಇಲ್ದ ವ್ಯಾಯಾಮ ಬ್ಯಾಡ ಅಂದಾರೇನು ಅನ್ನೋದು. ಫಾರ್ಮ್ ಕೈಯಾಗ ಕೊಟ್ಟು ಟಿಕ್ ಹಾಕಿಸಿದ್ರ ಏಳಕ್ಕೂ 'ಇಲ್ಲ' ಬರ್ತೈತಿ. ನೀವ ಓದಿ ಕೇಳ್ರಿ. 'ಬಿಪಿ ಐತೇನ್ರಿ' ಅಂದ್ರ ಇಲ್ಲ ಅಂತಾರ, ಗುಳಿಗಿ ನುಂಗಿದ ಮ್ಯಾಲ ನಾರ್ಮಲ್ ಐತಲ್ಲ ಅನ್ನೋ ಲೆಕ್ಕದಾಗ. 'ದಿನಾ ಯಾವ ಗುಳಿಗಿ ತಗೋತೀರಿ, ಚೀಟಿ ತೋರಸ್ರಿ' ಅಂದ್ರ ಖರೇ ಹೊರಗ ಬರ್ತೈತಿ. ಕೆಲಸ ಏನು, ದಿನಕ್ಕ ಎಷ್ಟು ತಾಸು ಕೂಡ್ತಾರ, ರಾತ್ರಿ ಎಷ್ಟಕ್ಕ ಮಲಗ್ತಾರ, ಇದನ್ನೂ ಬರ್ಕೊಳ್ರಿ. ಇಳಕಲ್, ಗುಳೇದಗುಡ್ಡದ ಕಡೆ ಕುಣಿ ಮಗ್ಗದ ಮುಂದ ದಿನಾ ಬಗ್ಗಿ ಕೂತವರಿಗೆ ಮುಂದ ತಳ್ಳೋ ಒಂದು ಸೆಟ್‌ಗೆ (ನಡುವ ನಿಲ್ಲದ ಮಾಡೋ ಒಂದು ಸುತ್ತು) ಹಿಂದ ಎಳೆಯೋ ಎರಡು ಸೆಟ್ ಬೇಕು. ಅದು ಫಾರ್ಮ್‌ನಾಗ ಸಿಗೂದಿಲ್ಲ, ಮಾತಿನಾಗ ಸಿಗ್ತೈತಿ.

ಆಮ್ಯಾಲ ಚಲನೆ ನೋಡ್ರಿ. 43 ಸೆಂ.ಮೀ. ಎತ್ತರದ ಕುರ್ಚಿ, ಎರಡೂ ಕೈ ಎದಿ ಮ್ಯಾಲ ಅಡ್ಡ, 30 ಸೆಕೆಂಡಿನಾಗ ಎಷ್ಟು ಸಲ ಪೂರ್ತಿ ಎದ್ದು ಕೂತ್ರು ಎಣಿಸ್ರಿ. ಆಮ್ಯಾಲ ಒಂದು ಕೋಲನ್ನ ತಲಿಹಿಂದ, ಬೆನ್ನ ಮ್ಯಾಲ, ಬಾಲಮೂಳಿಗೆ ತಾಗೂಹಂಗ ಹಿಡಿಸಿ ಸೊಂಟದಿಂದ ಬಗ್ಗಸ್ರಿ. ಮೂರರಾಗ ಒಂದು ಜಾಗ ಬಿಟ್ರೂ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೂದು) ಇನ್ನೂ ದೂರ ಐತಿ ಅಂತ ತಿಳೀರಿ. ಗ್ವಾಡಿಗೆ ಕೈ ಊರಿ ಪುಶ್‌ಅಪ್, ಒಂಟಿಕಾಲ ಮ್ಯಾಲ ನಿಲ್ಲೂದು, ಅಷ್ಟು ಸಾಕು.

ಸ್ಕ್ವಾಟ್‌ನಾಗ ಹಿಮ್ಮಡಿ ಏಳೂದು ನಮ್ಮ ಕಡೆ ಭಾಳ ಕಾಣ್ತೈತಿ. ಕಾರಣ ಎರಡು, ಎರಡಕ್ಕೂ ಮದ್ದು ಬ್ಯಾರೆ. ಗರಡಿಯೊಳಗ ಬೈಠಕ್ ಹೊಡದವರು ತುದಿಗಾಲ ಮ್ಯಾಲ ಇಳಿಯೂದು ರೂಢಿ. ಅದು ಬೈಠಕ್‌ನ ಪದ್ಧತಿ, ತಪ್ಪಲ್ಲ, ಆದ್ರ ಹೆಗಲ ಮ್ಯಾಲ ಬಾರ್ ಇಟ್ಟಾಗ ಕೆಲಸಕ್ಕ ಬರೂದಿಲ್ಲ. ಇನ್ನೊಂದು, ಪಾದದ ಕೀಲು ಬಿಗಿ ಇರೂದು. ಯಾವುದಂತ ತಿಳೀಲಿಕ್ಕೆ ಗ್ವಾಡಿ ಪರೀಕ್ಷೆ ಮಾಡ್ರಿ: ಹೆಬ್ಬೆರಳು ಗ್ವಾಡಿಯಿಂದ 10 ಸೆಂ.ಮೀ. ದೂರ, ಹಿಮ್ಮಡಿ ನೆಲಕ್ಕ, ಮೊಣಕಾಲು ಗ್ವಾಡಿಗೆ ಮುಟ್ಟಬೇಕು. ಮುಟ್ಟಿದ್ರ ಅದು ರೂಢಿ. ಎದಿ ಮುಂದ 6-8 ಕೆಜಿ ಡಂಬೆಲ್ ಹಿಡಿಸಿ, ಹಿಂದ ಡಬ್ಬಿ (ಕೂಡಾಕ ಗಟ್ಟಿ ಪೆಟ್ಟಿಗಿ) ಇಟ್ಟು 'ಹಿಮ್ಮಡಿಯಿಂದ ನೆಲ ಒತ್ರಿ' ಅನ್ರಿ. ಮುಟ್ಟಲಿಲ್ಲಂದ್ರ ಹಿಮ್ಮಡಿ ಕೆಳಗ 2.5 ಕೆಜಿ ಪ್ಲೇಟ್ ಇಟ್ಟು ಇವತ್ತಿನ ಸ್ಕ್ವಾಟ್ ಮುಗಸ್ರಿ, ವಾರ್ಮಪ್‌ನಾಗ ಅದೇ ಗ್ವಾಡಿ ಚಲನೆ ಕಾಲಿಗೆ 10 ಸಲದಂಗ ಎರಡು ಸುತ್ತು ಸೇರಸ್ರಿ. ಒಂದು ಸೆಟ್‌ಗೆ ಒಂದ ಸೂಚನೆ. 'ಎದಿ ಮ್ಯಾಲ, ಮೊಣಕಾಲು ಹೊರಗ, ಉಸಿರು ಬಿಡ್ರಿ' ಅಂತ ಮೂರೂ ಒಮ್ಮೆ ಅಂದ್ರ ಒಂದೂ ತಲಿಗೆ ಹೋಗೂದಿಲ್ಲ.

ಮೊಣಕಾಲು ನೋವು ಇದ್ದವರಿಗೆ ಎತ್ತರದ ಡಬ್ಬಿಯಿಂದ ಶುರು ಮಾಡ್ರಿ, ಮೂರು ಸೆಕೆಂಡ್ ಇಳಿಯೂದು. ನೋವು ಹತ್ತಕ್ಕ ಮೂರರೊಳಗ ಇದ್ದು ಮರುದಿನ ಮುಂಜಾನೆಗೆ ಮೊದಲಿನಂಗಾದ್ರ ಹಾದಿ ಸರಿ ಐತಿ. ಮರುದಿನ ಬಾವು ಬಂದ್ರ ಎತ್ತರ ಹೆಚ್ಚಸ್ರಿ, ಇಲ್ಲಾ ಸೆಟ್ ಇಳಸ್ರಿ.

ಇನ್ನ ಬಿಟ್ಟು ಹೋಗೂದರ ಮಾತು. ಮೊದಲ ತಿಂಗಳದಾಗ ಹೋಗೋರು ಮೈನೋವಿಗೆ ಹೋಗ್ತಾರ, ಮೂರನೇ ತಿಂಗಳದಾಗ ಹೋಗೋರು ತೂಕ ನಿಂತಿದ್ದಕ್ಕ. ಮೊದಲ ಸೆಷನ್ ಚಲನೆಗೆ ಎರಡ ಸೆಟ್ ಇರ್ಲಿ, ಕೊನೆಗೆ ಇನ್ನೂ ನಾಕು ರೆಪ್ (ಸಲ) ಆಗ್ತಿದ್ವು ಅನ್ನೂಹಂಗ ನಿಲ್ಲಸ್ರಿ. ಮೈನೋವು ಏರೂದು 24ರಿಂದ 72 ತಾಸಿನ ನಡುವ, ಅದಕ್ಕ ಮರುದಿನ ಸಂಜಿಗೆ ಫೋನ್ ಮಾಡಿ 'ಮೆಟ್ಟಲ ಇಳಿಯುವಾಗ ತೊಡಿ ಹಿಡೀತೈತೇನ್ರಿ' ಅಂತ ಕೇಳ್ರಿ. ಆ ಒಂದು ಫೋನ್ ಯಾವ ಪೋಸ್ಟರ್‌ಗಿಂತ ದೊಡ್ಡದು. ಭರ್ತಿ ಹುಡುಗರು ಹುಮ್ಮಸ್ಸಿನಾಗ ಮೊದಲ ದಿನಾನ ನೂರಾರು ಬೈಠಕ್ ಹೊಡದಿದ್ರ ಮೂತ್ರದ ಬಣ್ಣಾನೂ ಕೇಳ್ರಿ. ಚಹಾ ಡಿಕಾಕ್ಷನ್ ಬಣ್ಣ ಅಂದ್ರ ಸ್ನಾಯು ಒಡದು ಕಿಡ್ನಿಗೆ ಹೊರೆ ಬಿದ್ದಿರಬಹುದು, ತಡ ಮಾಡದ ದವಾಖಾನಿಗೆ ಕಳಸ್ರಿ.

ತೂಕ ನಿಂತಾಗ ತೋರಸಾಕ ಬ್ಯಾರೆ ಅಂಕಿ ಕೈಯಾಗ ಇರಬೇಕು. ಕ್ಲೈಂಟ್‌ಗೊಂದು ವಹಿ ಇಡ್ರಿ: ತಾರೀಖು, ಚಲನೆ, ಭಾರ, ರೆಪ್, ಶ್ರಮ ಹತ್ತಕ್ಕ ಎಷ್ಟು, ನಿದ್ದಿ, ನೋವು. ನಾಕು ವಾರಕ್ಕೊಮ್ಮೆ ಹೊಕ್ಕಳ ಮಟ್ಟದ ಸುತ್ತಳತೆ, ಕುರ್ಚಿ ಪರೀಕ್ಷೆ, ಮುಂಜಾನೆ ಎದ್ದಾಗಿನ ನಾಡಿ ತಿರುಗಿ ಬರೀರಿ. ಗುರಿಗಿಂತ ಎರಡು ರೆಪ್ ಹೆಚ್ಚು, ಕೊನೆ ಸೆಟ್‌ನಾಗ, ಸತತ ಎರಡು ಸೆಷನ್ ಬಂದ್ರ ಮಾತ್ರ ಭಾರ ಏರಸ್ರಿ, ಕೈಗೆ 2.5 ಕೆಜಿ, ಕಾಲಿಗೆ 5. ವಹಿ ಇಲ್ದ ಟ್ರೇನರ್ ಅಂದಾಜಿನ ಮ್ಯಾಲ ನಡೀತಾನ, ಮೂರನೇ ತಿಂಗಳದಾಗ ಅವನ ಕಡೆ ಹೇಳಾಕ ಏನೂ ಉಳಿಯೂದಿಲ್ಲ.

ಟಿಳಕವಾಡಿ_ಸ್ಟ್ರೆಂತ್ (ಬೆಳಗಾವಿ):

ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ನಾನು ಶುಗರ್, ಬಿಪಿ ಬಗ್ಗೆ ಬರೆಯುತ್ತೇನೆ, ಏಕೆಂದರೆ ಟ್ರೇನರ್‌ನಿಂದ ಜೀವಕ್ಕೆ ಅಪಾಯ ಆಗುವುದಿದ್ದರೆ ಇಲ್ಲಿಯೇ.

ಬಿಪಿ ಯಂತ್ರವನ್ನು ನೀವೇ ಇಟ್ಟುಕೊಳ್ಳಿ, ತೋಳಿಗೆ ಕಟ್ಟುವಂಥದ್ದು. ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿ. 160/100 ದಾಟಿದ್ದರೆ ಡಾಕ್ಟರ್ ಕೈಯಲ್ಲಿ ಬರೆಸಿಕೊಂಡು ಬಂದ ಮೇಲೆಯೇ ಭಾರ. 180/110 ಇದ್ದರೆ ಆ ದಿನ ವ್ಯಾಯಾಮವೇ ಇಲ್ಲ. ಎತ್ತುವಾಗ ಉಸಿರು ಬಿಗಿ ಹಿಡಿದರೆ ಬಿಪಿ ಆ ಕ್ಷಣಕ್ಕೆ ಬಹಳ ಏರುತ್ತದೆ. ಅದಕ್ಕೇ ಎತ್ತುವಾಗ ಎಣಿಸಲು ಹೇಳಿ. ಬಾಯಿಂದ ಎಣಿಕೆ ಬರುತ್ತಿದ್ದರೆ ಉಸಿರು ಹೊರಗೆ ಹೋಗುತ್ತಿದೆ ಎಂದರ್ಥ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಗುಳಿಗೆ ತೆಗೆದುಕೊಳ್ಳುವವರ ನಾಡಿ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲ. ವಾಚ್‌ನಲ್ಲಿ 105 ಕಂಡಿತು ಎಂದು ಟ್ರೆಡ್‌ಮಿಲ್ ವೇಗ ಹೆಚ್ಚಿಸುತ್ತಾ ಹೋದರೆ ಮನುಷ್ಯ ಕುಸಿಯುತ್ತಾನೆ. ಇಂಥವರಿಗೆ ಮಾತಿನ ಪರೀಕ್ಷೆಯೇ ಅಳತೆ: ಪೂರ್ತಿ ವಾಕ್ಯ ಆಡಲು ಆಗಬೇಕು, ಹಾಡಲು ಆಗಬಾರದು. ಬಿಪಿ ಗುಳಿಗೆ ತೆಗೆದುಕೊಳ್ಳುವವರು ನೆಲದ ವ್ಯಾಯಾಮದಿಂದ ತಟ್ಟನೆ ಎದ್ದರೆ ತಲೆ ತಿರುಗುತ್ತದೆ, ಒಂದು ಕ್ಷಣ ಕೂರಿಸಿ ಎಬ್ಬಿಸಿ.

ಶುಗರ್‌ನಲ್ಲಿ ಎಲ್ಲ ಗುಳಿಗೆಯೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಎಚ್ಚರ. ಬೆಳಿಗ್ಗೆ ಗುಳಿಗೆ ನುಂಗಿ, 'ಬಂದ ಮೇಲೆ ನಾಷ್ಟಾ ಮಾಡ್ತೀನಿ' ಎಂದು ಜಿಮ್‌ಗೆ ಬರುವವರೇ ನಡುಗುತ್ತಾ ಬೆವರುವುದು. ಇವರು ಗ್ಲುಕೋಮೀಟರ್ ತರಲಿ. ಶುರುವಿಗೆ ಮುಂಚೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದ ಮೇಲೆ ಆರಂಭ. 70ಕ್ಕಿಂತ ಇಳಿದರೆ ಎಲ್ಲ ನಿಲ್ಲಿಸಿ 15 ಗ್ರಾಂ ಸಕ್ಕರೆ, ಅಂದರೆ ಮೂರು ಸಣ್ಣ ಚಮಚ, ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ. ಚೀಲದಲ್ಲಿ ಕರದಂಟು ಇದೆ ಎಂದು ಅದನ್ನು ಕೊಡಬೇಡಿ. ತುಪ್ಪ, ಕಾಯಿಬೀಜ ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ. ಹಳೆಯ ಶುಗರ್ ಇದ್ದವರ ಪಾದವನ್ನೂ ಕೇಳಿ. ಸ್ಪರ್ಶ ಕಡಿಮೆ ಇದ್ದರೆ ಬರಿಗಾಲ ವ್ಯಾಯಾಮ ಬೇಡ.

ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆ) ತರಬೇತಿ ಹಳೆಯದಾಗಿದ್ದರೆ ಮತ್ತೆ ಮಾಡಿ. ನಿಮಿಷಕ್ಕೆ 100ರಿಂದ 120 ಒತ್ತು, ಆಳ 5 ಸೆಂ.ಮೀ. ಓದಿ ತಿಳಿದಿದ್ದರೆ ಸಾಲದು, ಬೊಂಬೆಯ ಮೇಲೆ ಕೈ ಪಳಗಬೇಕು.

ಗುಮ್ಮಟನಗರಿ_ಫಿಟ್ (ವಿಜಯಪುರ):

ಗುಳಿಗೆ ಚೀಟಿ ಕೇಳುವ ವಿಚಾರ ಹೊಳೆದೇ ಇರಲಿಲ್ಲ, ಇಬ್ಬರಿಗೂ ಧನ್ಯವಾದ. ಇನ್ನೆರಡು: ಸಿದ್ಧೇಶ್ವರ ಜಾತ್ರೆ, ಮದುವೆ ಸುಗ್ಗಿ, ರಂಜಾನ್ ಬಂದಾಗ ತಿಂಗಳ ಫೀ ಕೊಟ್ಟವರ ದಿನ ಕಳೆದು ಮನಸ್ತಾಪ ಆಗುತ್ತದೆ. ಮಹಿಳಾ ಕ್ಲೈಂಟ್‌ಗಳಿಗೆ ಭಂಗಿ ತಿದ್ದುವುದೂ ಮುಜುಗರ.

ಕೃಷ್ಣೆಯ_ದಂಡೆ (ಜಮಖಂಡಿ):

ಫೀ ತಿಂಗಳಿಗೆ ಹಾಕಬೇಡಿ, ಸೆಷನ್‌ಗೆ ಹಾಕಿ. ಮನಸ್ತಾಪದ ಮೂಲವೇ ಅದು. 12 ಸೆಷನ್, ಅವಧಿ 45 ದಿನ. 12 ತಾಸು ಮೊದಲು ತಿಳಿಸಿದರೆ ಸೆಷನ್ ಉಳಿಯುತ್ತದೆ, ತಿಳಿಸದಿದ್ದರೆ ಕಳೆಯುತ್ತದೆ. ಟ್ರೇನರ್ ತಪ್ಪಿಸಿದರೆ ಒಂದು ಸೆಷನ್ ಹೆಚ್ಚಿಗೆ. ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿಸಿ. ಜಾತ್ರೆ, ಮನೆಯ ಮದುವೆಗೆ ವರ್ಷಕ್ಕೆರಡು ಸಲ ಅವಧಿ ನಿಲ್ಲಿಸುವ ಅವಕಾಶ ಇಡಿ. ಇಂಗ್ಲಿಷ್ ಹೊಸ ವರ್ಷಕ್ಕೆ ಸೇರಿದವರು ಸಂಕ್ರಾಂತಿ ಜಾತ್ರೆಗೆ ತಪ್ಪಿಸಿ ಮತ್ತೆ ಬಾರದಿರುವುದು ಮಾಮೂಲು, ಜಾತ್ರೆ ಮುಗಿದ ಮರುದಿನದ ವೇಳೆಯನ್ನು ಮೊದಲೇ ಬರೆದಿಟ್ಟುಬಿಡಿ.

ಲೆಕ್ಕ ಹೀಗೆ ಹಾಕಿ. ಪ್ಯಾಕೇಜ್ 6,000 ರೂ., ಜಿಮ್ ಪಾಲು ಶೇ. 40 ಎಂದುಕೊಳ್ಳಿ. ನಿಮಗೆ 3,600, ಅಂದರೆ ಸೆಷನ್‌ಗೆ 300. 12 ಜನರಿಗೆ 43,200, ಒಬ್ಬರಿಗೆ ವಾರಕ್ಕೆ ಮೂರು ಸೆಷನ್‌ನಂತೆ ವಾರಕ್ಕೆ 36 ತಾಸು ನಿಂತು ಮಾಡುವ ಕೆಲಸ. ಎಲ್ಲರೂ ಬಯಸುವುದು ಬೆಳಿಗ್ಗೆ 5.30ರಿಂದ 9.30, ಸಂಜೆ 5ರಿಂದ 9. ಒಟ್ಟು ಎಂಟು ವೇಳೆ, ದಿನ ಬಿಟ್ಟು ದಿನಕ್ಕೆ 16 ಜನ. ಅಷ್ಟನ್ನೂ ತುಂಬಬೇಡಿ, ವಹಿ ನೋಡಲು, ಫೋನ್ ಮಾಡಲು ಹೊತ್ತೇ ಉಳಿಯುವುದಿಲ್ಲ. ಮನೆಗೆ ಹೋಗಿ ಮಾಡಿಸುವುದಾದರೆ ಹೋಗಿಬರುವ 40 ನಿಮಿಷ ಸೇರಿ ಒಂದು ತಾಸು 40 ನಿಮಿಷ ಆಗುತ್ತದೆ, ಅದಕ್ಕೆ ತಕ್ಕ ಫೀ ಹೇಳಿ. ಪ್ರೋಟೀನ್ ಪೌಡರ್ ಮಾರಿ ಬರುವ ಕಮಿಷನ್‌ನ ಆಸೆ ಬೇಡ. ಕೇಳಿದವರಿಗೆ ಡಬ್ಬಿ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ನೋಡುವುದನ್ನು ಕಲಿಸಿ. ಮೈ ಬೆಳೆಸುವ ಇಂಜೆಕ್ಷನ್ ಮಾತು ತೆಗೆದವರಿಗೆ ಸ್ಪಷ್ಟವಾಗಿ ಇಲ್ಲ ಅನ್ನಿ.

ಊಟಕ್ಕೆ ಬಂದರೆ, ರೊಟ್ಟಿಯನ್ನು ಯಾಕೆ ಬಿಡಿಸಬೇಕು? 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್, 170-175 ಕ್ಯಾಲರಿ. ದಿನಕ್ಕೆ ಐದು ರೊಟ್ಟಿ 25 ಗ್ರಾಂ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಎರಡು ಬಟ್ಟಲು 14, ಝುಣಕಾ 8, ಗಟ್ಟಿ ಮೊಸರು ಒಂದು ಬಟ್ಟಲು 7, ಎರಡು ಮೊಟ್ಟೆ 12, ಶೇಂಗಾ ಚಟ್ನಿ ಎರಡು ಚಮಚ 5. ಸೇರಿಸಿದರೆ 71. 60 ಕೆಜಿಯವರಿಗೆ ಕೆಜಿಗೆ 1.2 ಗ್ರಾಂ ಆಯಿತು, ವ್ಯಾಯಾಮ ಶುರು ಮಾಡಿದವರಿಗೆ ಚೆನ್ನಾಗಿ ಸಾಕು. ಶ್ರಾವಣದಲ್ಲಿ ಮೊಟ್ಟೆ ಬಿಟ್ಟರೆ 70 ಗ್ರಾಂ ಪನೀರ್ ಸೇರಿಸಿ. ಕಡಿಮೆ ಮಾಡಬೇಕಾದ್ದು ಬದನೆಕಾಯಿ ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆ, ದಿನಕ್ಕೆ ಐದಾರು ಸಲದ ಸಕ್ಕರೆ ಚಹಾ, ಮಿರ್ಚಿ-ಗಿರಮಿಟ್ಟು. ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನ್ ಲೆಕ್ಕ ನೀವು ಹೇಳಬೇಡಿ, ಡಯಟಿಷಿಯನ್ ಕಡೆ ಕಳಿಸಿ.

ಟಿಳಕವಾಡಿ_ಸ್ಟ್ರೆಂತ್ (ಬೆಳಗಾವಿ):

ರಂಜಾನ್‌ನಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಭಾರ ಹಾಗೇ ಇರಲಿ, ಸೆಟ್ ಅರ್ಧಕ್ಕೆ ಇಳಿಸಿ. ಶಕ್ತಿ ಉಳಿಯಲು ಅಷ್ಟು ಸಾಕು. ಇಫ್ತಾರ್ ಆಗಿ ಒಂದೂವರೆ ತಾಸಿನ ನಂತರದ ವೇಳೆ ಒಳ್ಳೆಯದು, ಆಗದಿದ್ದರೆ ಇಫ್ತಾರ್‌ಗೆ ಮುಂಚಿನ ಅರ್ಧ ತಾಸು ಹಗುರ ಕೆಲಸ. ರೋಜಾ ಬೇಸಿಗೆಗೆ ಬಿದ್ದರೆ ವಿಜಯಪುರದ 40 ಡಿಗ್ರಿಯಲ್ಲಿ ಹಗಲು ಓಟ ಬೇಡವೇ ಬೇಡ. ಇನ್ಸುಲಿನ್, ಗ್ಲಿಮೆಪಿರೈಡ್ ಇರುವವರ ಉಪವಾಸದ ನಿರ್ಧಾರ ಡಾಕ್ಟರ್‌ದು.

ನವನಗರ_ಕೋಚ್ (ಬಾಗಲಕೋಟೆ):

ಹೆಣ್ಮಕ್ಕಳಿಗೆ ಮುಟ್ಟಿ ತಿದ್ದೂದರ ಜರೂರಿನ ಇಲ್ಲ. ಮೊದಲ ಫಾರ್ಮ್‌ನಾಗ 'ಮುಟ್ಟಿ ತಿದ್ದಬಹುದೇನು' ಅನ್ನೋ ಸಾಲು ಇರ್ಲಿ, ಹೌದು ಅಂದಿದ್ರೂ ಪ್ರತಿ ಸಲ ಕೇಳ್ರಿ. ನೀವು ಪಕ್ಕದಾಗ ನಿಂತು ಮಾಡಿ ತೋರಸ್ರಿ, ಕೋಲು ಅವರ ಕೈಯಾಗ ಕೊಡ್ರಿ, ಗ್ವಾಡಿಯಿಂದ ಒಂದು ಗೇಣು ಮುಂದ ನಿಲ್ಲಿಸಿ 'ಹಿಂದ ಗ್ವಾಡಿ ಮುಟ್ರಿ' ಅಂದ್ರ ಸೊಂಟದಿಂದ ಬಗ್ಗೂದು ತಾನ ಬರ್ತೈತಿ. ವಿಡಿಯೊ ಬೇಕಂದ್ರ ಅವರ ಫೋನಿನಾಗ ತಗೀರಿ, ನಿಮ್ಮದರಾಗ ಬ್ಯಾಡ. ನೀವು ಹೇಳಿದ ಹುಡುಗರ ಭರ್ತಿಗೆ ಬ್ಯಾರೆ ಪ್ರಶ್ನಿ ಹಾಕ್ರಿ, 1600 ಮೀಟರ್ ಓಟದ ತಯಾರಿ ದೊಡ್ಡ ವಿಷಯ, ಅಲ್ಲೇ ವಾರದ ಲೆಕ್ಕ ಸಮೇತ ಬರೀತೀನಿ.