ವಿಂಡೋಸ್ 7, 1 ಜಿಬಿ ರ‍್ಯಾಮ್ ಸಾಕಂತೆ!

‘ನಮ್ಮನೆ ಮಂದಿ’ ಗುಂಪು, ಸೋಮವಾರ ಬೆಳಿಗ್ಗೆ

ಮಂಡಿ ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) “ವರ್ತಕರೇ, ಲೆಕ್ಕದ ಸಾಫ್ಟ್‌ವೇರಿಗೆ ದುಡ್ಡು ಸುರೀಬೇಡಿ! ಇಆರ್‌ಪಿನೆಕ್ಸ್ಟ್ ಪೂರ್ತಿ ಉಚಿತ. ವಿಂಡೋಸ್ 7, 1 ಜಿಬಿ ರ‍್ಯಾಮ್ ಸಾಕು. 5 ನಿಮಿಷದಲ್ಲಿ ಇನ್‌ಸ್ಟಾಲ್. 10 ಅಂಗಡಿಗೆ ಕಳಿಸಿ 🙏”

ಮಂಡಿ ಮಾವ: ನಮ್ಮ ಹಳೇ ಡಬ್ಬಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಸಾಗರದ ಭಾವ: ಎಲ್ಲಿಂದ ಬಂತು ಇದು? ಲಿಂಕ್ ಹಾಕಿ.

ಮಂಡಿ ಮಾವ: ಗೊತ್ತಿದ್ದವರೇ ಕಳಿಸಿದ್ದು.

ಸಾಗರದ ಭಾವ: 2016ರಲ್ಲಿ 2000ದ ನೋಟಲ್ಲಿ ಚಿಪ್ ಇದೆ ಅಂದಿದ್ದೂ ಗೊತ್ತಿದ್ದವರೇ.

ಮಂಡಿ ಮಾವ: ಅದನ್ನ ಇನ್ನೂ ಬಿಟ್ಟಿಲ್ವಾ ಮಾರಾಯ.

ದೊಡ್ಡಪ್ಪ: ಪುಕ್ಕಟೆ ಸಿಗೋದಕ್ಕೆ ಕೈ ಚಾಚಬಾರದು. ಕೆಂಪು ಬಟ್ಟೆ ಕಟ್ಟಿದ ಖಾತೆ ಪುಸ್ತಕಕ್ಕೆ ಎಷ್ಟು ಜಿಬಿ ಬೇಕಿತ್ತು?

ಪುಟ್ಟಿ: ಮಾವ, ಉಚಿತ ಅನ್ನೋದು ನಿಜ, ಯಾರು ಬೇಕಾದ್ರೂ ಬಳಸ್ಬಹುದು ಅನ್ನೋ ಜಿಪಿಎಲ್ 3 ಲೈಸೆನ್ಸ್. ಉಳಿದದ್ದು ಬುರುಡೆ. ಅದು ವಿಂಡೋಸ್ ಮೇಲೆ ನೇರ ಕೂರಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ 2, ಇಲ್ಲಾಂದ್ರೆ ಸಾಫ್ಟ್‌ವೇರನ್ನ ಪ್ರತ್ಯೇಕ ಪೊಟ್ಟಣದಲ್ಲಿ ಓಡಿಸೋ ಡಾಕರ್ ಬೇಕು, 7ರಲ್ಲಿ ಡಬ್ಲ್ಯುಎಸ್‌ಎಲ್ ಇಲ್ಲವೇ ಇಲ್ಲ. ವಿಂಡೋಸ್ ಬದಲು ಉಬುಂಟು 22.04 ಅನ್ನೋ ಲಿನಕ್ಸ್ ಹಾಕ್ಸಿ. ಇಆರ್‌ಪಿನೆಕ್ಸ್ಟ್ 15ನೇ ಆವೃತ್ತಿ ಕೇಳೋ ಪೈಥಾನ್ 3.10 (ಅದನ್ನ ಬರೆದ ಭಾಷೆ), ಮರಿಯಾಡಿಬಿ 10.6 (ಲೆಕ್ಕ ಕೂಡಿಡೋ ಡೇಟಾಬೇಸ್) ಎರಡೂ ಅದರಲ್ಲೇ ಸಿಗ್ತವೆ. 20.04 ಇದ್ದರೆ ಪೈಥಾನ್ 3.8, ಅಲ್ಲೇ ಮುಗ್ಗರಿಸುತ್ತೆ. ಜಾವಾಸ್ಕ್ರಿಪ್ಟ್ ಓಡಿಸೋ ‘ನೋಡ್’ ಮಾತ್ರ ಗಮನಿಸಿ: 22.04 ತಾನಾಗಿ ಕೊಡೋದು 12, ಬೇಕಿರೋದು 18. ನೋಡ್ ಆವೃತ್ತಿ ಆರಿಸೋ ಎನ್‌ವಿಎಂನಿಂದ ಹಾಕಿ, ಆಮೇಲೆ ಅದರ ಪೊಟ್ಟಣಗಳನ್ನ ತರೋ ಯಾರ್ನ್.

ಹೊಸನಗರದ ಅಕ್ಕ: ಆ ಖಾತೆ ಪುಸ್ತಕದ ಕೊನೇ ಹಾಳೇಲಿ ಚುಕ್ಕಿ ಆಟ ಆಡ್ತಿದ್ವಲ್ಲ! ಮಳೆ, ಜಗುಲಿ, ಹಲಸಿನ ಹಪ್ಪಳ 😭

ಸಾಗರದ ಭಾವ: ಅಕ್ಕಾ, ಮಾತು ರ‍್ಯಾಮಿಂದು. 1 ಜಿಬಿ ಸಾಕೋ ಇಲ್ವೋ?

ಪುಟ್ಟಿ: ಸಾಲಲ್ಲ. ಇನ್‌ಸ್ಟಾಲ್ ಮಾಡುವಾಗ ಪುಟಗಳನ್ನ ಸಜ್ಜು ಮಾಡೋ ‘ಬೆಂಚ್ ಬಿಲ್ಡ್’ ಆದೇಶ ಅರ್ಧಕ್ಕೆ ಬಂದು ‘ಕಿಲ್ಡ್’ ಅಂತ ಒಂದೇ ಪದ ಬರೆದು ನಿಲ್ಲುತ್ತೆ. ಜನ ಇಂಟರ್‌ನೆಟ್ ಸರಿ ಇಲ್ಲ ಅಂದ್ಕೊಂಡು ಮತ್ತೆ ಮತ್ತೆ ಓಡಿಸ್ತಾರೆ. ಮೆಮೊರಿ ಸಾಲದೆ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಕತ್ತು ಹಿಸುಕಿರುತ್ತೆ, ಅದರ ಸಂದೇಶ ತೋರಿಸೋ ಡಿಮೆಸೇಜ್ ನೋಡಿದ್ರೆ ಬರೆದಿರುತ್ತೆ. 4 ಜಿಬಿ ರ‍್ಯಾಮ್, 4 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಡಿಸ್ಕಲ್ಲಿ ಬಳಸೋ ಜಾಗ), 40 ಜಿಬಿ ಎಸ್‌ಎಸ್‌ಡಿ ಇಟ್ಕೊಳ್ಳಿ. ಸ್ವಾಪ್ ಸಾಲನ್ನ ಆನ್ ಆಗುವಾಗ ಯಂತ್ರ ಓದೋ ಡಿಸ್ಕ್ ಪಟ್ಟಿ ಎಫ್‌ಎಸ್‌ಟ್ಯಾಬಿಗೆ ಸೇರಿಸದಿದ್ರೆ ರೀಸ್ಟಾರ್ಟ್ ಆದ ಮೇಲೆ ಅದು ಮಾಯ. 2 ಜಿಬಿ ಇಟ್ಕೊಂಡು ಸ್ವಾಪನ್ನೇ ನಂಬಿದ್ರೆ ಇನ್‌ಸ್ಟಾಲ್ ಏನೋ ಮುಗಿಯುತ್ತೆ, ಆದ್ರೆ ಹಳೇ ಹಾರ್ಡ್ ಡಿಸ್ಕಲ್ಲಿ ಒಂದು ಬಿಲ್ ತೆರೆಯೋದ್ರೊಳಗೆ ಒಂದು ಕವಳ ಮುಗಿಸ್ಬಹುದು.

ದೊಡ್ಡಪ್ಪ: ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಲೆಕ್ಕವೂ ಹೋಯ್ತು. ಇದಕ್ಕೇ ಹೇಳೋದು.

ಪುಟ್ಟಿ: ಮರಿಯಾಡಿಬಿ ಲಾಗ್ ನೋಡಿ ತಾನೇ ಸರಿ ಮಾಡ್ಕೊಳ್ಳುತ್ತೆ ದೊಡ್ಡಪ್ಪ. ಆದ್ರೂ ಯುಪಿಎಸ್ ಇರಲಿ. ‘ಬೆಂಚ್ ಬ್ಯಾಕಪ್’ಗೆ ‘ವಿತ್ ಫೈಲ್ಸ್’ ಸೇರಿಸಿ, ಲಗತ್ತಿಸಿದ ಕಡತಗಳೂ ಬರೋ ಹಾಗೆ ನಕಲು ತೆಗೆದು ಬೇರೆ ಡಿಸ್ಕಿಗೆ ಹಾಕ್ಬೇಕು, ಜೊತೆಗೆ ಸೈಟಿನ ಸೆಟ್ಟಿಂಗ್ ಇರೋ ಸೈಟ್ ಕಾನ್ಫಿಗ್ ಕಡತವನ್ನೂ. ಪಾಸ್‌ವರ್ಡ್ ಗುಟ್ಟಾಗಿಡೋ ಎನ್‌ಕ್ರಿಪ್ಶನ್ ಕೀ ಇರೋದು ಅದರಲ್ಲೇ; ಕಳೆದ್ರೆ ಉಳಿಸಿಟ್ಟ ಇಮೇಲ್ ಪಾಸ್‌ವರ್ಡೆಲ್ಲ ಮತ್ತೆ ಹಾಕ್ಬೇಕು.

ಮಂಡಿ ಮಾವ: ಮದುವೆ ಲೆಕ್ಕದ ಎಕ್ಸೆಲ್ ಕಳೆದವರಿಗೆ ಮೊದಲು ಈ ಪಾಠ ಹೇಳು.

ಸಾಗರದ ಭಾವ: ಕಳೆದಿಲ್ಲ. ಪೆನ್‌ಡ್ರೈವ್ ನಿಮ್ಮ ಹತ್ರ ಇತ್ತು.

ಮಂಡಿ ಮಾವ: ಕೊಟ್ಟಿದ್ದು ಖಾಲಿ ಪೆನ್‌ಡ್ರೈವ್!

ಅತ್ತೆ: ಜಗಳ ಆಮೇಲೆ. ರಾಶಿ, ಬೆಟ್ಟೆ, ಸರಕು ಅಂತ ಅಡಿಕೆ ಬಗೆಗಳ ಪಟ್ಟಿ ಕನ್ನಡದಲ್ಲಿ ಬರ್ತದಾ ಇಲ್ವಾ?

ಪುಟ್ಟಿ: ಬರ್ತದೆ ಅತ್ತೆ. ತೆರೆ ಮೇಲೆ ಸರಿ ಕಂಡು ಪಿಡಿಎಫಲ್ಲಿ ಚೌಕ ಚೌಕ ಬಂದ್ರೆ ಸರ್ವರಲ್ಲಿ ಕನ್ನಡ ಫಾಂಟಿಲ್ಲ ಅಂತ ಅರ್ಥ, ನೋಟೊ ಅನ್ನೋ ಫಾಂಟ್ ಹಾಕಿದ್ರಾಯ್ತು. ಪುಟದ ತಲೆಬರಹ, ಅಡಿಬರಹ ಬಾರದಿದ್ರೆ ತಪ್ಪು ಬೇರೆ. ಪುಟವನ್ನ ಪಿಡಿಎಫ್ ಮಾಡೋ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಉಬುಂಟು ಜೊತೆ ಬಂದದ್ದನ್ನ ತೆಗೆದು, ‘ಪ್ಯಾಚ್ಡ್ ಕ್ಯೂಟಿ’ ಅಂತ ಬರೆದಿರೋ ಅದರದೇ 0.12.6 ಹಾಕಿ.

ಮಂಡಿ ಮಾವ: ಡಬ್ಬ ಬಿಚ್ಚಿದೆ. ರ‍್ಯಾಮ್ ಮೇಲೆ ಡಿಡಿಆರ್ 2 ಅಂತಿದೆ. 4 ಜಿಬಿ ಹಾಕ್ಸಲಾ?

ಪುಟ್ಟಿ: ಬೇಡ ಮಾವ. ಅದಕ್ಕೆ ಹಾಕೋ ರ‍್ಯಾಮ್ ಮುಂದೆ ಬೇರೆ ಯಾವ ಹೊಸ ಮೆಷಿನ್ನಿಗೂ ಆಗಲ್ಲ, ಅದು ಕೂರೋ ಸ್ಲಾಟೇ ಬೇರೆ.

ಸಾಗರದ ಭಾವ: ಲಿಂಕ್ ಇನ್ನೂ ಬಂದಿಲ್ಲ.

ಮಂಡಿ ಮಾವ: 10 ಅಂಗಡಿಗೆ ಕಳಿಸಿ ಆಯ್ತಲ್ಲ ಮಾರಾಯ, ಈಗ ಎಂತ ಮಾಡ್ಲಿ.